ಕೋಲಾರಕ್ಕೆ ಒಬ್ಬಳೇ

ಒಬ್ಬಳೇ ಪ್ರವಾಸ ಹೋಗುತ್ತೇನೆ ಅಂದರೆ ಮನೆಯಲ್ಲಿ "ಯಾಕೆ?" ಅಂತ ಕೇಳುತ್ತಾರೆ. ಕೋಲಾರಕ್ಕೆ ಅಂದರೆ "ಅಲ್ಲೇನಿದೆ?" ಅಂತ ಕೇಳುತ್ತಾರೆ. ಎರಡನೆಯದಕ್ಕೆ ಉತ್ತರ ಕೊಡುವುದು ಸುಲಭ. ಹಾಗಾಗಿ ಅದನ್ನೇ ಎಳೆದೆ. ಅಂತರಗಂಗೆ ಇದೆ, ಆವಣಿ ಇದೆ, ಕುರುಡುಮಲೆ ಗಣಪ ಇದ್ದಾನೆ, ಚಿನ್ನದ ಗಣಿ ಇದೆ, ಮುಳಬಾಗಿಲು ದೋಸೆ ಇದೆ. ದೋಸೆಗೆ ಬರುವಷ್ಟರಲ್ಲಿ ಮೊದಲನೇ ಪ್ರಶ್ನೆ ಎಲ್ಲರಿಗೂ ಮರೆತುಹೋಗಿತ್ತು.

ನಿಜ ಹೇಳಬೇಕೆಂದರೆ ಕೋಲಾರವನ್ನು ಆರಿಸಿಕೊಂಡಿದ್ದು ಬಸ್ಸಿಗಾಗಿ. ಬೆಂಗಳೂರಿನಿಂದ ಎಪ್ಪತ್ತು ಕಿಲೋಮೀಟರ್ ಆಸುಪಾಸು, ಒಂದು ಬಸ್ ತಪ್ಪಿದರೆ ಹಿಂದೆಯೇ ಇನ್ನೊಂದು. 2023ರ ಜೂನ್ 11ರಿಂದ ರಾಜ್ಯದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಕಂಡಕ್ಟರ್ ಆಧಾರ್ ಕಾರ್ಡ್ ನೋಡಿ ಸೊನ್ನೆ ರೂಪಾಯಿಯ ಚೀಟಿ ಹರಿದು ಕೊಡುತ್ತಾರೆ. ಈ ಚೀಟಿಯ ಬಗ್ಗೆ ಪರವಾಗಿಯೂ ವಿರೋಧವಾಗಿಯೂ ಬೇಕಾದಷ್ಟು ಮಾತು ಕೇಳಿದ್ದೇನೆ. ಒಬ್ಬಳೇ ಓಡಾಡುವವಳಿಗೆ ಅದರಿಂದ ಆಗುವ ಉಪಕಾರ ಬೇರೆಯೇ. ಯಾವುದೋ ಊರಲ್ಲಿ ಇಳಿದೆ, ಜಾಗ ಯಾಕೋ ಸರಿ ಕಾಣಲಿಲ್ಲ ಅನ್ನಿ. ಮುಂದಿನ ಬಸ್ ಹತ್ತಿ ಹೊರಟುಬಿಡಬಹುದು. ಲೆಕ್ಕ ಹಾಕುತ್ತಾ ನಿಲ್ಲಬೇಕಿಲ್ಲ. ಜೊತೆಗೆ ಬಸ್ಸಿನ ತುಂಬ ಹೆಂಗಸರೇ ಇರುತ್ತಾರೆ. ಅದೂ ಒಂದು ಧೈರ್ಯ.

ಕೋಲಾರದಲ್ಲಿ ಇಳಿದು ಆಟೋ ಹಿಡಿದು ಅಂತರಗಂಗೆ ಬೆಟ್ಟದ ಬುಡಕ್ಕೆ ಹೋದೆ. ಪಟ್ಟಣದ ಪಕ್ಕದಲ್ಲೇ ಶತಶೃಂಗ ಬೆಟ್ಟಸಾಲು. ಮೆಟ್ಟಿಲು ಹತ್ತಿದರೆ ಕಾಶಿ ವಿಶ್ವೇಶ್ವರನ ಗುಡಿ, ಒಂದು ಕಲ್ಯಾಣಿ, ಕಲ್ಲಿನ ಬಸವನ ಬಾಯಿಂದ ವರ್ಷವಿಡೀ ಬೀಳುವ ನೀರು. ಒಂದು ನದಿಯೂ ಮೈದುಂಬಿ ಹರಿಯದ, ಕೆರೆ ನಂಬಿ ಬದುಕಿದ ಸೀಮೆ ಇದು. ಇಲ್ಲಿ ಬೇಸಿಗೆಯಲ್ಲೂ ನಿಲ್ಲದ ನೀರನ್ನು ಜನ ಗಂಗೆ ಅಂತ ಕರೆದಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಇಲ್ಲಿನ ಕೋತಿಗಳಿಗೆ ಒಂಟಿ ಜನ ದೂರದಿಂದಲೇ ಗೊತ್ತಾಗುತ್ತಾರೆ ಅಂತ ಕಾಣುತ್ತೆ. ಗುಂಪಿನಲ್ಲಿ ಬಂದವರ ಬಳಿ ಒಬ್ಬರಾದರೂ ಕೋಲು ಹಿಡಿದಿರುತ್ತಾರೆ. ನನ್ನ ಬಳಿ ಇದ್ದಿದ್ದು ಬೆನ್ನಿಗೊಂದು ಬ್ಯಾಗು, ಅದರೊಳಗೆ ಬಾಳೆಹಣ್ಣು. ಮೆಟ್ಟಿಲ ಪಕ್ಕ ಸೌತೆಕಾಯಿ ಮಾರುತ್ತಿದ್ದ ಅಜ್ಜಿ ನನ್ನನ್ನೇ ನೋಡುತ್ತಿದ್ದವರು ತೆಲುಗಿನಲ್ಲಿ ಕೇಳಿದರು, "ಒಕ್ಕದಾನಿವೇ ವಚ್ಚಿನಾವಾ ಅಮ್ಮಾ?" ಒಬ್ಬಳೇ ಬಂದೆಯಾ ಅಂತ. ಹೂಂ ಅಂದೆ. ಕನ್ನಡಕ್ಕೆ ತಿರುಗಿ, "ಬ್ಯಾಗು ಇಲ್ಲಿಡು, ಕೋತಿ ಬಿಡಲ್ಲ" ಅಂದರು.

ಜೊತೆಯಲ್ಲಿ ಯಾರಾದರೂ ಇದ್ದಿದ್ದರೆ ಈ ಕ್ಷಣವೇ ಬರುತ್ತಿರಲಿಲ್ಲ. ಬ್ಯಾಗು ಅವರ ಕೈಗೆ ಹೋಗುತ್ತಿತ್ತು, ಅಷ್ಟೆ. ಒಬ್ಬಳೇ ಇದ್ದಾಗ ಇಂಥ ಸಣ್ಣ ಸಣ್ಣ ವಿಷಯಕ್ಕೂ ಗುರುತಿಲ್ಲದವರನ್ನು ನಂಬಬೇಕು. ಶೌಚಾಲಯಕ್ಕೆ ಹೋಗುವಾಗ ಬ್ಯಾಗು ಯಾರಿಗೆ ಕೊಡೋದು, ನಿದ್ದೆ ಬಂದರೆ ಸ್ಟಾಪ್ ಯಾರು ಹೇಳೋದು, ಫೋನ್ ಚಾರ್ಜ್ ಮುಗಿದರೆ ಯಾರ ಫೋನ್ ಕೇಳೋದು? ದೊಡ್ಡ ಅಪಾಯಗಳ ಬಗ್ಗೆ ಎಲ್ಲರೂ ಎಚ್ಚರಿಕೆ ಹೇಳಿ ಕಳಿಸುತ್ತಾರೆ. ದಿನವಿಡೀ ತಲೆ ತಿನ್ನುವುದು ಮಾತ್ರ ಇವು. ಪರ್ಸ್, ಫೋನ್ ತೆಗೆದುಕೊಂಡು ಬ್ಯಾಗನ್ನು ಅಜ್ಜಿಯ ಬುಟ್ಟಿಯ ಹಿಂದೆ ಇಟ್ಟೆ.

ಅಜ್ಜಿ ಅಷ್ಟಕ್ಕೇ ಬಿಡಲಿಲ್ಲ. ಮೇಲೆ ಹೊರಟಿದ್ದ ಒಂದು ಕುಟುಂಬವನ್ನು ನಿಲ್ಲಿಸಿ, "ಈಯಮ್ಮನ್ನೂ ಕರ್ಕೊಂಡ್ ಹೋಗ್ರಿ" ಅಂತ ನನ್ನನ್ನು ಅವರಿಗೆ ಒಪ್ಪಿಸಿಯೇಬಿಟ್ಟರು. ಗುಡಿಯ ಮೇಲಕ್ಕೆ ಹೋದರೆ ಬಂಡೆಯ ಮೇಲೆ ಬಂಡೆ ಪೇರಿಸಿಟ್ಟ ಹಾಗಿದೆ. ಆ ಸಂದುಗಳೇ ಗುಹೆಗಳು. ಕೆಲವು ಕಡೆ ಬಗ್ಗಿ ನಡೆಯಬೇಕು, ಕೆಲವು ಕಡೆ ತೆವಳಬೇಕು. ಒಬ್ಬಳೇ ಆಗಿದ್ದರೆ ನಾನು ಗುಹೆಯ ಬಾಯಿಂದಲೇ ವಾಪಸ್ ಬರುತ್ತಿದ್ದೆ, ಖಂಡಿತ. ಆ ಮನೆಯ ಹುಡುಗ ಮುಂದೆ ಮೊಬೈಲ್ ಟಾರ್ಚ್ ಹಿಡಿದ. ಅವನ ಅಮ್ಮ ಹಿಂದಿನಿಂದ "ಆಂಟಿ, ತಲೆ, ತಲೆ!" ಅಂತ ಕೂಗುತ್ತಿದ್ದರು. ನನ್ನದೇ ವಯಸ್ಸಿನವರು ಆಂಟಿ ಅಂದಿದ್ದನ್ನು ಆಗ ಗಮನಿಸಲು ಪುರುಸೊತ್ತಿರಲಿಲ್ಲ. ಮೇಲೆ ಚಿತ್ರಾನ್ನ ತಿನ್ನಿಸಿದರು. ಕಲ್ಯಾಣಿಯ ಪಕ್ಕ ಸುಮ್ನೆ ಒಬ್ಬಳೇ ಕೂರೋಣ ಅಂತ ಬಂದವಳು ನಾನು. ಸಂಜೆಯವರೆಗೂ ಅವರ ಮನೆಯ ಸೈಟು, ಮಗಳ ಸೀಟು, ನಾದಿನಿಯ ಮದುವೆ, ಎಲ್ಲವೂ ತಿಳಿಯಿತು. ಇಳಿದು ಬಂದಾಗ ಬ್ಯಾಗು ಇಟ್ಟಲ್ಲೇ ಇತ್ತು. ಬಾಳೆಹಣ್ಣು ಇರಲಿಲ್ಲ. "ಕೋತಿ" ಅಂದರು ಅಜ್ಜಿ, ನಗುತ್ತಾ. ಇದ್ದರೂ ಇರಬಹುದು.

ಬೇಕಿದ್ದ ಏಕಾಂತ ಸಿಕ್ಕಿದ್ದು ಊರೊಳಗಿನ ಸೋಮೇಶ್ವರ ದೇವಸ್ಥಾನದಲ್ಲಿ. ವಿಜಯನಗರ ಕಾಲದ ಗುಡಿ. ಕಲ್ಯಾಣ ಮಂಟಪದ ಕಂಬಗಳಲ್ಲಿ ಕೆತ್ತದೆ ಬಿಟ್ಟ ಜಾಗ ಹುಡುಕಬೇಕು. ಒಂದೇ ಕಂಬದ ಮುಂದೆ ಕೂತು ಬೇಕಾದಷ್ಟು ಹೊತ್ತು ನೋಡಿದೆ. "ಆಯ್ತಾ? ಹೋಗೋಣ್ವಾ?" ಅನ್ನುವವರು ಯಾರೂ ಇರಲಿಲ್ಲ. ಪಕ್ಕದಲ್ಲೇ ಕೋಲಾರಮ್ಮನ ಗುಡಿ. ಚೋಳರ ಕಾಲದ ತಮಿಳು ಶಾಸನಗಳು, ಒಳಗೆ ಚೇಳಮ್ಮ. ಚೇಳಮ್ಮನಿಗೆ ಕೈಮುಗಿದವರನ್ನು ಚೇಳು ಕಚ್ಚುವುದಿಲ್ಲ ಅಂತ ನಂಬಿಕೆ. ರಾತ್ರಿ ಲಾಡ್ಜಿನಲ್ಲಿ ಮಲಗಬೇಕಾದವಳು ನಾನು. ಎಲ್ಲ ರೀತಿಯ ರಕ್ಷಣೆಯೂ ಇರಲಿ ಅಂತ ಮುಗಿದೆ.

ಆ ಲಾಡ್ಜಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು.

ಮೊದಲನೇ ಲಾಡ್ಜಿನಲ್ಲಿ "ಎಷ್ಟು ಜನ?" ಅಂದರು. "ಒಬ್ಬಳೇ" ಅಂದೆ. ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. "ಸಿಂಗಲ್ ಲೇಡೀಸ್‌ಗೆ ಕೊಡಲ್ಲ ಮೇಡಂ, ಓನರ್ ಬೈತಾರೆ." ಗೋಡೆಯ ಮೇಲೆ ಚೆಕ್ ಔಟ್ ಸಮಯ, ಮದ್ಯಪಾನ ನಿಷೇಧ, ಬೆಲೆಬಾಳುವ ವಸ್ತುಗಳಿಗೆ ನಾವು ಹೊಣೆಯಲ್ಲ ಅಂತೆಲ್ಲ ಬರೆದಿತ್ತು. ಇದೊಂದನ್ನು ಬರೆದಿರಲಿಲ್ಲ. ಮುಂದಿನದರಲ್ಲಿ ರೂಮೇ ಖಾಲಿ ಇಲ್ಲ ಅಂದರು. ಅವರ ಬೆನ್ನ ಹಿಂದೆ ಬೀಗದ ಕೈಗಳು ಸಾಲಾಗಿ ನೇತಾಡುತ್ತಿದ್ದವು.

ಕೊನೆಗೆ ಸಿಕ್ಕ ಜಾಗದಲ್ಲಿ ಮ್ಯಾನೇಜರ್ ವಯಸ್ಸಾದವರು. ಆಧಾರ್ ನೋಡಿದರು, ಯಜಮಾನರ ನಂಬರ್ ಕೇಳಿದರು, ನನ್ನೆದುರಿಗೇ ಫೋನ್ ಮಾಡಿದರು. "ನಿಮ್ಮ ಮನೆಯವರು ಇಲ್ಲಿದ್ದಾರೆ, ನಿಮಗೆ ಗೊತ್ತಲ್ವಾ?" ಅಂತ. ನನಗೆ ಸಿಟ್ಟು ಬಂತು. ಫೋನ್ ಇಟ್ಟಮೇಲೆ ಅವರು ಮೆಲ್ಲಗೆ ಹೇಳಿದರು: "ಬೇಜಾರು ಮಾಡ್ಕೋಬೇಡಮ್ಮ. ಗಂಡಸರು ಒಬ್ಬರೇ ಬಂದರೂ ಕೇಳ್ತೀವಿ. ಮನೇಲಿ ಜಗಳ ಆಡ್ಕೊಂಡು ಬಂದು ರೂಮಲ್ಲಿ ಏನಾದರೂ ಮಾಡ್ಕೊಂಡ್ರೆ? ಪೊಲೀಸು, ಸ್ಟೇಷನ್ನು, ಎಲ್ಲ ನಮ್ಮ ತಲೆಗೆ." ನನ್ನನ್ನು ಅನುಮಾನಿಸುತ್ತಿದ್ದಾರೆ ಅಂದುಕೊಂಡಿದ್ದೆ. ಅವರು ನನಗಾಗಿ ಹೆದರಿದ್ದರು, ತಮಗಾಗಿ ಅದಕ್ಕಿಂತ ಜಾಸ್ತಿ ಹೆದರಿದ್ದರು. ಕಾರಣ ಅರ್ಥವಾಯಿತು. ಸಿಟ್ಟು ಪೂರ್ತಿ ಇಳಿಯಲಿಲ್ಲ. ಗಂಡಸಿನ ಹೆಂಡತಿಗೆ ಫೋನ್ ಮಾಡಿ ಒಪ್ಪಿಗೆ ಕೇಳುತ್ತಾರಾ? ಕೇಳಬೇಕು ಅನ್ನಿಸಿತು, ರೂಮು ಬೇಕಿತ್ತು, ಕೇಳಲಿಲ್ಲ.

ರಾತ್ರಿ ಬಾಗಿಲಿನ ಚಿಲಕ ಹಾಕಿದೆ. ಮತ್ತೆ ಎದ್ದು ನೋಡಿದೆ. ಕುರ್ಚಿ ಎಳೆದು ಬಾಗಿಲಿಗೆ ಅಡ್ಡ ಇಟ್ಟೆ. ಹತ್ತು ಗಂಟೆಯ ಮೇಲೆ ಯಾರೋ ಬಾಗಿಲು ತಟ್ಟಿದರು. ನಾನು ಉಸಿರಾಡಲಿಲ್ಲ. 112 ಒತ್ತಿ ಇಟ್ಟುಕೊಂಡು "ಯಾರು?" ಅಂದೆ. "ನೀರು ಮೇಡಂ" ಅಂತ ಹುಡುಗನ ದನಿ. ಹೊರಗೇ ಇಟ್ಟು ಹೋಗು ಅಂದೆ. ಬಾಟಲಿ ಒಳಗೆ ತಂದಿದ್ದು ಬೆಳಿಗ್ಗೆ. ಆಮೇಲೆ ಕಾರಿಡಾರಿನಲ್ಲಿ ಪ್ರತಿಯೊಂದು ಹೆಜ್ಜೆಯೂ ನನ್ನ ಬಾಗಿಲಿನ ಮುಂದೆ ನಿಂತ ಹಾಗೆ ಕೇಳಿಸಿತು. ಏನೂ ಆಗಲಿಲ್ಲ. ಒಂಟಿ ಪ್ರಯಾಣದ ಬಗ್ಗೆ ಹೇಳುವವರು ಈ ಏನೂ ಆಗದ ರಾತ್ರಿಗಳನ್ನು ಬಿಟ್ಟುಬಿಡುತ್ತಾರೆ. ಹೇಳಲು ಕತೆ ಇರುವುದಿಲ್ಲ ನೋಡಿ. ನಿದ್ದೆ ಮಾತ್ರ ಹೋಗಿರುತ್ತದೆ.

ಬೆಳಿಗ್ಗೆ ಮುಳಬಾಗಿಲಿಗೆ ಬಸ್. ಗಾಜಿನ ಆಚೆ ಟೊಮೆಟೊ ತೋಟ, ಹಿಪ್ಪುನೇರಳೆ ಸೊಪ್ಪು, ಅಲ್ಲಲ್ಲಿ ಒಂಟಿ ಬಂಡೆ. ದೋಸೆ ಹೋಟೆಲಿನಲ್ಲಿ ಒಬ್ಬರೇ ಇದ್ದರೆ ಲಾಭ: ನಾಲ್ಕು ಜನರ ಟೇಬಲ್ಲಿಗೆ ಕಾಯುವವರನ್ನು ದಾಟಿ ಖಾಲಿ ಕುರ್ಚಿಗೆ ನೇರ ಹೋಗಬಹುದು. ದಪ್ಪ ದೋಸೆ, ಒಳಗೆ ಮೆತ್ತಗೆ, ತಳ ಗರಿಗರಿ, ತುಪ್ಪ ಧಾರಾಳ. ಎದುರು ಕೂತಿದ್ದ ತಿರುಪತಿ ಯಾತ್ರೆಯ ದಂಪತಿ ಒಂದನ್ನು ಹಂಚಿಕೊಳ್ಳುತ್ತಿದ್ದರು. ನಾನು ಎರಡನೆಯದನ್ನು ಹೇಳಿದೆ.

ಕುರುಡುಮಲೆಗೆ ಆಟೋ ಮಾಡಿಕೊಂಡೆ. ಹತ್ತುವ ಮುಂಚೆ ನಂಬರ್ ಪ್ಲೇಟಿನ ಫೋಟೋ ತೆಗೆದು ಮನೆಗೆ ಕಳಿಸಿದೆ. ಡ್ರೈವರ್ ನೋಡಿ, "ನನ್ನದೂ ಒಂದು ತಗೊಳ್ಳಿ ಅಕ್ಕ, ನಮ್ಮ ತಂಗಿಗೂ ಹಿಂಗೇ ಹೇಳಿದೀನಿ" ಅಂತ ತಲೆ ಬಾಚಿಕೊಂಡು ನಿಂತ! ಏಕಶಿಲೆಯ ಗಣಪ ಹದಿಮೂರು ಅಡಿಗೂ ಮೇಲಿದ್ದಾನೆ. ಕತ್ತೆತ್ತಿ ನೋಡಬೇಕು. ಅಷ್ಟು ದೊಡ್ಡ ದೇವರ ಮುಂದೆ ನನ್ನ ಪಾಡಿಗೆ ನಿಂತಿದ್ದೆ. ಅರ್ಚಕರು "ಯಾರ ಹೆಸರಲ್ಲಿ ಅರ್ಚನೆ, ಯಜಮಾನರ ಹೆಸರು?" ಅಂದರು. ನನ್ನ ಹೆಸರೇ ಹೇಳಿದೆ. ನಕ್ಷತ್ರ ಕೇಳಿ ಮುಂದುವರಿಸಿದರು.

ಆ ರಾತ್ರಿ ಲಾಡ್ಜಿನ ತಂಟೆಗೆ ಹೋಗಲಿಲ್ಲ. ಗೆಳತಿಯ ಚಿಕ್ಕಮ್ಮ ಮುಳಬಾಗಿಲಿನಲ್ಲಿದ್ದಾರೆ. "ಒಬ್ಬಳನ್ನೇ ಕಳಿಸಿದ್ರಾ ನಿಮ್ಮನೇಲಿ?" ಅಂತ ಅಂದು, ಮುದ್ದೆ ಸಾರು ಬಡಿಸಿ, ಎಲ್ಲ ಮಲಗಿದ ಮೇಲೆ ಪಕ್ಕ ಬಂದು ಕೂತು, "ನಂಗೂ ಒಂದ್ಸಲ ಹಿಂಗೆ ಹೋಗ್ಬೇಕು ಕಣೇ, ಎಲ್ಲಿಗಾದ್ರೂ" ಅಂದರು.

ಆವಣಿಗೆ ಹೋಗಿದ್ದು ಮರುದಿನ. ರಾಮಲಿಂಗೇಶ್ವರ, ಲಕ್ಷ್ಮಣೇಶ್ವರ, ಭರತೇಶ್ವರ, ಶತ್ರುಘ್ನೇಶ್ವರ: ಅಣ್ಣತಮ್ಮಂದಿರ ಹೆಸರಿನ ಗುಡಿಗಳು ಒಂದೇ ಅಂಗಳದಲ್ಲಿವೆ. ಹತ್ತನೇ ಶತಮಾನದ ನೊಳಂಬರ ಕಾಲಕ್ಕೆ ಹೋಗುವಷ್ಟು ಹಳೆಯವು. ಸೀತೆಗೆ ಮಾತ್ರ ಬೆಟ್ಟದ ಮೇಲೆ ಗುಡಿ. ವಾಲ್ಮೀಕಿ ಆಶ್ರಮ ಇಲ್ಲೇ ಇತ್ತು, ಲವಕುಶರು ಹುಟ್ಟಿದ್ದು ಇಲ್ಲೇ ಅಂತ ಊರಿನ ನಂಬಿಕೆ. ಬೆಟ್ಟದ ಬುಡದಲ್ಲಿ ಮೇಕೆ ಕಾಯುತ್ತಿದ್ದ ತಾತ, "ಒಬ್ಳೇ ಹತ್ತೀಯಾ ತಾಯಿ?" ಅಂದರು.

"ಹೂಂ ತಾತ. ಸೀತಮ್ಮನೂ ಒಬ್ಬಳೇ ಇದ್ದಳಲ್ವಾ?"

"ಅವಳೇನು ಬೇಕೂಂತ ಬಂದಿದ್ಲಾ? ತಂದು ಬಿಟ್ಟೋದ್ರು."

ನನ್ನ ಬಳಿ ಉತ್ತರವಿರಲಿಲ್ಲ. ತಾತ ತನ್ನ ಕೋಲು ಕೊಟ್ಟರು, ಇಳಿದಾಗ ವಾಪಸ್ ಕೊಡು ಅಂತ. ಬಂಡೆಗಳ ನಡುವೆ ಹತ್ತುತ್ತಾ ಹಿಂತಿರುಗಿ ನೋಡಿದಾಗಲೆಲ್ಲ ಅವರು ಮೇಕೆಗಳನ್ನು ಬಿಟ್ಟು ನನ್ನ ಕಡೆಗೇ ನೋಡುತ್ತಿದ್ದರು. ಮೊದಲು ಕಿರಿಕಿರಿಯಾಯಿತು. ಅರ್ಧ ಹತ್ತಿದ ಮೇಲೆ, ಕಾಣುತ್ತಿದ್ದಾರಾ ಅಂತ ನಾನೇ ಹುಡುಕತೊಡಗಿದೆ.

ಬೇತಮಂಗಲದ ಮೇಲೆ ಹಾದು ಕೆಜಿಎಫ್‌ಗೆ ಬಂದಾಗ ಮಧ್ಯಾಹ್ನ. ಬೇತಮಂಗಲದ ಕೆರೆಯಿಂದಲೇ ಗಣಿ ಊರಿಗೆ ನೀರು ಹೋಗುತ್ತಿತ್ತು. ಶಿವನಸಮುದ್ರದಿಂದ 1902ರಲ್ಲಿ ಇಲ್ಲಿಗೆ ಕರೆಂಟ್ ಬಂತು, ಆಗಿನ್ನೂ ಬೆಂಗಳೂರಿನಲ್ಲಿ ಅದು ಇರಲಿಲ್ಲ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದಿತ್ತು. 2001ರ ಫೆಬ್ರವರಿ 28ಕ್ಕೆ ಎಲ್ಲ ಬಂದ್ ಆಯಿತು. ರಾಬರ್ಟ್‌ಸನ್‌ಪೇಟೆಯ ಟೀ ಅಂಗಡಿಯಲ್ಲಿ "ತನಿಯಾವಾ ವಂದೀಂಗ?" ಅಂದರು. ಅಲ್ಲಿಗೆ ತೆಲುಗು, ಕನ್ನಡ, ತಮಿಳು ಮೂರರಲ್ಲೂ ಆಯಿತು.

ಸೈನೈಡ್ ದಿಬ್ಬಗಳನ್ನು ರಸ್ತೆಯಿಂದಲೇ ನೋಡಿದೆ. ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ಗುಡ್ಡಗಳು, ಗಾಳಿ ಬಂದರೆ ಧೂಳು ಊರಿನ ಮೇಲೆ. ಹಳೆಯ ಲೈನ್ ಮನೆಗಳ ಕಡೆ, ಮುಚ್ಚಿದ ಗಣಿಯ ಕಡೆ ನಡೆದು ಹೋಗಬೇಕು ಅಂತ ಬಹಳ ಆಸೆಯಿತ್ತು. ಕೊನೆಯ ಮನೆಯಿಂದ ಆಚೆ ದಾರಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ವಾಪಸ್ ತಿರುಗಿದೆ. ಜೊತೆಗೆ ಒಬ್ಬರಿದ್ದರೂ ಹೋಗುತ್ತಿದ್ದೆ. ಒಬ್ಬಳೇ ಹೋದ ಪ್ರವಾಸದಲ್ಲಿ ಇಂಥ ಅರ್ಧ ದಾರಿಗಳೂ ಇರುತ್ತವೆ. ಅದಕ್ಕೆ ಬೇರೆ ಹೆಸರು ಕೊಟ್ಟು ಸಮಾಧಾನ ಮಾಡಿಕೊಳ್ಳಲು ನನಗೆ ಇಷ್ಟವಿಲ್ಲ. ನೋಡಬೇಕಿತ್ತು, ನೋಡಲಿಲ್ಲ.

ಮಾರಿಕುಪ್ಪಂನಲ್ಲಿ ರೈಲು ಹತ್ತಿದಾಗ ಬೋಗಿ ಖಾಲಿ. ಬೆಳಗಿನ ಜಾವದ ರೈಲುಗಳಲ್ಲಿ ಬೆಂಗಳೂರಿಗೆ ದುಡಿಯಲು ಹೋಗುವ ಸಾವಿರಾರು ಜನರಿಂದ ಕಾಲಿಡಲು ಜಾಗವಿರುವುದಿಲ್ಲ. ಆ ಜನ ವಾಪಸ್ ಬರುವ ಹೊತ್ತಿಗೆ ನಾನು ಎದುರು ದಿಕ್ಕಿಗೆ ಹೊರಟಿದ್ದೆ. ಖಾಲಿ ಬೋಗಿಯ ಕಿಟಕಿ ಸೀಟು ಆರಾಮು ಅನ್ನಿಸಿದ್ದು ಎರಡು ನಿಮಿಷ. ಆಮೇಲೆ ಬ್ಯಾಗು ಎತ್ತಿಕೊಂಡು, ಹೆಂಗಸೊಬ್ಬರು ಕೂತಿದ್ದ ಬೋಗಿ ಸಿಗುವವರೆಗೂ ನಡೆದೆ. ಅವರು ಬೆಂಗಳೂರಿನ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಆಯಾ. ಸಂಜೆ ಹೋಗಿ ಬೆಳಿಗ್ಗೆ ಬರುತ್ತಾರೆ, ವರ್ಷಗಳಿಂದ. ನಾನು ಒಬ್ಬಳೇ ಪ್ರವಾಸ ಬಂದಿದ್ದೆ ಅಂದಾಗ ತುಂಬ ಹೊತ್ತು ನಕ್ಕರು. "ನಾನು ದಿನಾ ಒಬ್ಳೇ ಹೋಗ್ತೀನಿ ಮೇಡಂ, ನಂಗ್ಯಾರೂ ಪ್ರವಾಸ ಅನ್ನಲ್ಲ."

ಮಾಲೂರು ದಾಟುವಷ್ಟರಲ್ಲಿ ಅವರಿಂದ ಕಲಿತಿದ್ದು ಮನೆಯವರ ಎಲ್ಲ ಎಚ್ಚರಿಕೆಗಳಿಗಿಂತ ಜಾಸ್ತಿ. ಗಾರ್ಡ್ ಡಬ್ಬಿಗೆ ಹತ್ತಿರದ ಬೋಗಿ ಹತ್ತಬೇಕು. ಕಿಟಕಿ ಪಕ್ಕ ಫೋನ್ ಹಿಡಿಯಬಾರದು, ಸಿಗ್ನಲ್‌ನಲ್ಲಿ ನಿಂತಾಗ ಕಿತ್ತುಕೊಳ್ಳುತ್ತಾರೆ. ಯಾರಾದರೂ ಎದುರು ಕೂತು ಸುಮ್ಮಸುಮ್ಮನೆ ನೋಡುತ್ತಿದ್ದರೆ ಎದ್ದು ಹೋಗುವ ಮುಂಚೆ ಜೋರಾಗಿ ಯಾರಿಗೋ ಫೋನ್ ಮಾಡಿ "ಅಣ್ಣ, ಸ್ಟೇಷನ್ನಿಗೆ ಬಾ" ಅನ್ನಬೇಕು. ಅಣ್ಣ ಇಲ್ಲದಿದ್ದರೂ ಪರವಾಗಿಲ್ಲ. ಹೀಗೆ ಹೇಳಿಕೊಡುತ್ತಲೇ ಟಿಫಿನ್ ಡಬ್ಬಿಯ ಮುಚ್ಚಳದಲ್ಲಿ ನನಗೂ ಸ್ವಲ್ಪ ಪುಳಿಯೋಗರೆ ಹಾಕಿ ಕೊಟ್ಟು, "ನೀವು ಬೈಯಪ್ಪನಹಳ್ಳಿಯಲ್ಲಿ ಇಳೀರಿ, ಮೆಟ್ರೋ ಸಿಗುತ್ತೆ" ಅಂದರು. ಮುಂದಿನ ಸಲ ಗಣಿ ಕಡೆ ನೋಡಬೇಕಿದ್ದರೆ ಭಾನುವಾರ ಬನ್ನಿ, ನಂಗೆ ರಜ ಇರುತ್ತೆ ಅಂತ ನಂಬರನ್ನೂ ಕೊಟ್ಟರು. ಹೋಗಬೇಕು.