ಜೇಬಿನ ಚಾಕು ಎಷ್ಟು ಇಂಚು ಇರಬಹುದು?

ಅಲಗು ಮೂರು ಇಂಚಿನೊಳಗಿದ್ದರೆ ಯಾರೂ ಕೇಳುವಂತಿಲ್ಲ, ಮೂರು ದಾಟಿದರೆ ಕೇಸು. ಮಡಚುವ ಚಾಕು ಕೊಳ್ಳಲು ಹೊರಟವರಿಗೆ ಮೊದಲು ಸಿಗುವ ಸಲಹೆ ಇದೇ, ಮತ್ತು ಇದು ನಮ್ಮ ಕರ್ನಾಟಕದ ಮಟ್ಟಿಗೆ ತಪ್ಪು. ಈ ಅಳತೆ ದೆಹಲಿ ಆಡಳಿತ 1980ರಲ್ಲಿ ಹೊರಡಿಸಿದ ಅಧಿಸೂಚನೆಯದು. ಬಟನ್ ಒತ್ತಿದರೆ ತೆರೆಯುವ, ಸ್ಪ್ರಿಂಗ್ ಇರುವ, ಗರಾರಿ (ಹಲ್ಲುಚಕ್ರ) ಇರುವ ಚಾಕುಗಳಲ್ಲಿ ಅಲಗು 7.62 ಸೆಂ.ಮೀ. (ಮೂರು ಇಂಚು) ಉದ್ದ, 1.72 ಸೆಂ.ಮೀ. ಅಗಲ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅನ್ವಯಿಸುತ್ತದೆ. ಚಿಕ್ಕಬಳ್ಳಾಪುರದ ಠಾಣೆಯಲ್ಲಿ ಅದನ್ನು ಮುಂದಿಟ್ಟು ವಾದಿಸಿ ಪ್ರಯೋಜನವಿಲ್ಲ.

ಇಲ್ಲಿ ನೋಡಬೇಕಾದದ್ದು 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ನಿಯಮಗಳು. ನಿಯಮಗಳ ಮೊದಲ ಅನುಸೂಚಿಯ ಐದನೇ ವರ್ಗದಲ್ಲಿ ಕತ್ತಿ, ಕಠಾರಿ, ಭರ್ಜಿಗಳ ಜೊತೆ ಚಾಕುವೂ ಇದೆ. ಅಲ್ಲಿರುವ ಅಳತೆ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲವಾದ ಅಲಗು. ಎರಡರಲ್ಲಿ ಒಂದು ಮೀರಿದರೂ ಸಾಕು. ಅಳೆಯುವಾಗ ತುದಿಯಿಂದ ಹಿಡಿ ಶುರುವಾಗುವ ಜಾಗದವರೆಗೆ ನೇರವಾಗಿ ಪಟ್ಟಿ ಇಡಿ. ಅಗಲವನ್ನು ಅಲಗು ಅತಿ ಅಗಲವಾಗಿರುವ ಕಡೆ ನೋಡಿ. ಹಿಡಿಯನ್ನೂ ಸೇರಿಸಿ ಅಳೆದು ಗಾಬರಿಯಾಗುವವರಿದ್ದಾರೆ. ಸ್ವಿಸ್ ಕಂಪನಿ ವಿಕ್ಟೋರಿನಾಕ್ಸ್‌ನ ಜನಪ್ರಿಯ ಜೇಬಿನ ಚಾಕು ಮಡಚಿದಾಗ 91 ಮಿ.ಮೀ., ಅದರ ದೊಡ್ಡ ಅಲಗು ಸುಮಾರು 7 ಸೆಂ.ಮೀ. ಮಾತ್ರ. ಫ್ರಾನ್ಸಿನ ಒಪಿನೆಲ್ ಕಂಪನಿಯ 8ನೇ ನಂಬರಿನ ಚಾಕುವಿನದು 8.5 ಸೆಂ.ಮೀ. ಎರಡೂ 9 ಇಂಚಿನ ಹತ್ತಿರವೂ ಬರುವುದಿಲ್ಲ.

ಆದರೆ ಅಳತೆಗಿಂತ ಮುಖ್ಯವಾದ ಪ್ರಶ್ನೆ, ಆ ವಸ್ತುವನ್ನು ಯಾವ ಕೆಲಸಕ್ಕೆ ಮಾಡಿದ್ದು ಎಂಬುದು. ಮನೆಬಳಕೆ, ಕೃಷಿ, ವೈಜ್ಞಾನಿಕ ಅಥವಾ ಕೈಗಾರಿಕಾ ಕೆಲಸಕ್ಕೆಂದೇ ರೂಪಿಸಿದ್ದನ್ನು ಆ ವರ್ಗದಿಂದ ಹೊರಗಿಟ್ಟಿದ್ದಾರೆ. ಹೀಗಾಗಿ ತಿಪಟೂರಿನ ತೆಂಗಿನ ತೋಟದ ಮಚ್ಚು ಎಷ್ಟೇ ಉದ್ದವಿರಲಿ, ಅದು ಸಲಕರಣೆ. ಶ್ರೀನಿವಾಸಪುರದ ಮಾವಿನ ನರ್ಸರಿಯ ಕಸಿ ಚಾಕುವನ್ನು ಕೈಯಲ್ಲಿ ಹಿಡಿದು ನೋಡಿ: ಗಿಡ್ಡ ಅಲಗು, ಕಡ್ಡಿಯನ್ನು ಓರೆಯಾಗಿ ನುಣ್ಣಗೆ ಸೀಳಲೆಂದು ಒಂದೇ ಬದಿಗೆ ಸಾಣೆ, ತೊಗಟೆ ಎಬ್ಬಿಸಲು ಹಿಂದೆ ಒಂದು ಚಪ್ಪಟೆ ನಾಲಿಗೆ. ಅದರ ಕೆಲಸ ಏನೆಂದು ಅದರ ರೂಪವೇ ಹೇಳುತ್ತದೆ. ಎರಡೂ ಕಡೆ ಹರಿತವಿರುವ, ಚೂಪು ಮೂತಿಯ, ಬಟನ್ ಒತ್ತಿದರೆ ಚಿಮ್ಮುವ ಚಾಕುವಿಗೆ ಹಾಗೆ ಹೇಳಲು ಏನೂ ಇಲ್ಲ. ದಿನಬಳಕೆಗೆ ಅಂಥದ್ದನ್ನು ಕೊಳ್ಳಲೇಬೇಡಿ, ಎಷ್ಟೇ ಚಿಕ್ಕದಿದ್ದರೂ.

ಇನ್ನು ಹೊತ್ತು, ಜಾಗ. ಮಚ್ಚು ತೋಟದಲ್ಲಿ ಸಲಕರಣೆ ನಿಜ, ಅದೇ ಮಚ್ಚು ರಾತ್ರಿ ಹನ್ನೊಂದಕ್ಕೆ ಬಾರ್ ಮುಂದೆ ಸ್ಕೂಟರ್ ಡಿಕ್ಕಿಯಲ್ಲಿ ಸಿಕ್ಕರೆ ಪೊಲೀಸರ ಬಾಯಲ್ಲಿ ಮಾರಕಾಸ್ತ್ರ. ಸೂರ್ಯಾಸ್ತದಿಂದ ಸೂರ್ಯೋದಯದ ನಡುವೆ ಅಪರಾಧದ ಉದ್ದೇಶದಿಂದ ಅಪಾಯಕಾರಿ ಸಾಧನ ಇಟ್ಟುಕೊಂಡು ತಿರುಗುವುದನ್ನು 1963ರ ಕರ್ನಾಟಕ ಪೊಲೀಸ್ ಕಾಯ್ದೆ ಬೇರೆಯಾಗಿಯೇ ಅಪರಾಧವೆಂದಿದೆ. ನಂದಿಬೆಟ್ಟಕ್ಕೆ ಸೂರ್ಯೋದಯ ನೋಡಲು ಕತ್ತಲಲ್ಲೇ ಬೈಕ್ ಹತ್ತುವವರಿಗೆ ಇದು ಗೊತ್ತಿರಲಿ. ಹಣ್ಣು ಕತ್ತರಿಸಲು ಚಾಕು ಬೇಕಿದ್ದರೆ ಮಡಚಿ, ಡಬ್ಬಿಯಲ್ಲಿ ತಟ್ಟೆ, ಹಣ್ಣಿನ ಜೊತೆ ಬ್ಯಾಗಿನ ತಳದಲ್ಲಿಡಿ. ಸೊಂಟಕ್ಕೆ ಸಿಕ್ಕಿಸಿಕೊಳ್ಳಬೇಡಿ. ತೋಟಕ್ಕೆ ಒಯ್ಯುವ ಮಚ್ಚಿನ ಬಾಯಿಗೆ ಗೋಣಿಚೀಲ ಸುತ್ತಿ, ಕುಡುಗೋಲು, ಹಗ್ಗದ ಜೊತೆ ಕಟ್ಟಿ.

ನಿಷೇಧಾಜ್ಞೆ ಇರುವಾಗ ಈ ಲೆಕ್ಕವೂ ನಡೆಯದು. ಜನ ಈಗಲೂ 144 ಎನ್ನುತ್ತಾರೆ, 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 163. ಚುನಾವಣೆ, ಗಲಭೆಯ ಭೀತಿ, ಕೆಲವೊಮ್ಮೆ ಪರೀಕ್ಷೆಗೂ ಜಾರಿಯಾಗುತ್ತದೆ. ಆದೇಶದಲ್ಲಿ ಚಾಕು, ದೊಣ್ಣೆ ಒಯ್ಯಬಾರದು ಎಂದಿದ್ದರೆ ಇಂಚಿನ ಪ್ರಶ್ನೆಯೇ ಏಳುವುದಿಲ್ಲ. ಆದೇಶದ ಪ್ರತಿಯನ್ನು ಪೂರ್ತಿ ಓದಿ, ಯಾವ ಹೋಬಳಿ, ಎಲ್ಲಿಯವರೆಗೆ ಎಂಬುದು ಅದರಲ್ಲೇ ಇರುತ್ತದೆ. ದೇವನಹಳ್ಳಿಯಲ್ಲಿ ವಿಮಾನ ಹತ್ತುವವರು ಚಾಕುವನ್ನು ಚೆಕ್-ಇನ್ ಸೂಟ್‌ಕೇಸಿಗೆ ಹಾಕಬೇಕು. ಕೈಚೀಲದಲ್ಲಿ ಮರೆತರೆ ತಪಾಸಣೆಯಲ್ಲೇ ಕಳೆದುಕೊಳ್ಳುತ್ತೀರಿ.

ಆತ್ಮರಕ್ಷಣೆಗೆ ಇಟ್ಟುಕೊಂಡಿದ್ದೇನೆ ಎನ್ನುವ ಉತ್ತರ ನಿಮ್ಮನ್ನು ಉಳಿಸುವ ಬದಲು ಸಿಕ್ಕಿಹಾಕಿಸುತ್ತದೆ. ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಶಸ್ತ್ರ ಎಂದರೆ ಆಕ್ರಮಣಕ್ಕೋ ರಕ್ಷಣೆಗೋ ರೂಪಿಸಿದ ಅಥವಾ ಅದಕ್ಕೆ ಹೊಂದಿಸಿಕೊಂಡ ವಸ್ತು. ಹಣ್ಣಿನ ಚಾಕುವನ್ನು ನೀವೇ ಬಾಯಾರೆ ಆ ಸಾಲಿಗೆ ತಂದಂತಾಗುತ್ತದೆ. ಜಗಳದಲ್ಲಿ ಹೊರತೆಗೆದರಂತೂ ಇನ್ನೂ ಕಷ್ಟ. ಭಾರತೀಯ ನ್ಯಾಯ ಸಂಹಿತೆಯಲ್ಲಿ ಬರಿಗೈಯಲ್ಲಿ ಹೊಡೆದು ಮಾಡಿದ ಸಾಧಾರಣ ಗಾಯಕ್ಕೆ ಒಂದು ವರ್ಷದವರೆಗೆ ಜೈಲು, ಅದೇ ಗಾಯ ಚಾಕುವಿನಿಂದಾದರೆ ಕಲಂ 118ರಡಿ ಮೂರು ವರ್ಷದವರೆಗೆ. ಲಾಂಗು, ಮಚ್ಚು ಹಿಡಿದು ರೀಲ್ಸ್ ಮಾಡುವ ಹುಡುಗರು ಪೊಲೀಸರಿಗೆ ಸಾಕ್ಷ್ಯವನ್ನು ತಾವೇ ಕೊಡುತ್ತಿದ್ದಾರೆ. ಮನೆಯ ಹಿರಿಯರು ದಯವಿಟ್ಟು ತಡೆಯಿರಿ.

ತಪಾಸಣೆಯಲ್ಲಿ ಪೊಲೀಸರು ಕೇಳಿದರೆ ಚಾಕುವನ್ನು ನೀವೇ ಹೊರತೆಗೆಯಲು ಹೋಗಬೇಡಿ, ಎಲ್ಲಿದೆ ಎಂದು ಹೇಳಿ. ಯಾವ ಕೆಲಸಕ್ಕೆ ಎಂಬುದನ್ನು ಒಂದೇ ಮಾತಿನಲ್ಲಿ ತಿಳಿಸಿ. ಜಪ್ತಿ ಮಾಡಿದರೆ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 105ರ ಪ್ರಕಾರ ಅದನ್ನು ವಿಡಿಯೊ ಮಾಡಬೇಕು, ಮೊಬೈಲಿನಲ್ಲಾದರೂ ಸರಿ. ಮಹಜರಿಗೆ ಸಹಿ ಹಾಕುವ ಮೊದಲು ಅಲಗಿನ ಉದ್ದ, ಅಗಲ, ಸಿಕ್ಕ ಜಾಗ, ಹೊತ್ತು ಸರಿಯಾಗಿ ಬರೆದಿದ್ದಾರೆಯೇ ನೋಡಿ. ‘ಒಂದು ಚಾಕು’ ಎಂದಷ್ಟೇ ಇದ್ದರೆ ಅಳೆದು ಬರೆಯಲು ಕೇಳಿ, ಪ್ರತಿಯನ್ನೂ ಕೇಳಿ ಪಡೆಯಿರಿ.