ನೆರಳಿಗೊಂದು ರೀಲು

ಚಿಕ್ಕಬಳ್ಳಾಪುರ
17 ನವೆಂಬರ್ 2024, ಭಾನುವಾರ ರಾತ್ರಿ

ಮಧ್ಯಾಹ್ನ ತೊಳೆದ ಫಿಲ್ಮ್ ರೀಲು ಒಣಗಿದೆ. ಬಚ್ಚಲುಮನೆಯ ತಂತಿಯಿಂದ ಇಳಿಸಿ, ಮೂರು ಮೂರು ಫೋಟೋಗೆ ಒಂದರಂತೆ ನಾಲ್ಕು ತುಂಡು ಮಾಡಿ ಕವರಿನಲ್ಲಿ ಇಟ್ಟಿದ್ದೇನೆ. ಹನ್ನೆರಡರಲ್ಲಿ ಒಂಬತ್ತು ಚೆನ್ನಾಗಿ ಬಂದಿವೆ. ಆ ಒಂಬತ್ತರಲ್ಲಿ ಒಂದು ಅಜ್ಜಿಯದು. ನಿನ್ನೆ ಊರಿಗೆ ಹೋಗಿದ್ದೇ ಅದಕ್ಕೋಸ್ಕರ. ನಿದ್ದೆ ಬರುವ ಮುಂಚೆ ಅದರ ಕಥೆ ಬರೆದುಬಿಡುತ್ತೇನೆ.

ಕ್ಯಾಮೆರಾ ತಾತನದು. ಅಗ್ಫಾ ಕ್ಲಿಕ್ ಥ್ರೀ. ಬರೋಡಾದ ನ್ಯೂ ಇಂಡಿಯಾ ಇಂಡಸ್ಟ್ರೀಸ್‌ನವರು ಅಗ್ಫಾ ಹೆಸರಲ್ಲಿ ನಮ್ಮ ದೇಶದಲ್ಲೇ ಮಾಡುತ್ತಿದ್ದ ಕಪ್ಪು ಡಬ್ಬಿ. ಒಂದು ಕಾಲದಲ್ಲಿ ಎಷ್ಟೋ ಮನೆಗಳಲ್ಲಿ ಇದೇ ಇತ್ತು. ಬ್ಯಾಟರಿ ಇಲ್ಲ. ಬೆಳಕು ಅಳೆಯುವ ಮೀಟರ್ ಇಲ್ಲ. ಫೋಕಸ್ ಮಾಡುವ ಉಂಗುರವೂ ಇಲ್ಲ, ಎಂಟು ಹತ್ತು ಅಡಿ ದೂರ ನಿಂತರೆ ಸರಿ. ಸೂರ್ಯ, ಮೋಡ ಅಂತ ಗುರುತು ಇವೆ. ಶಟರ್‌ಗೆ ಒಂದೇ ವೇಗ. 120 ಸೈಜಿನ ರೀಲು ಹಾಕಿದರೆ ಹನ್ನೆರಡು ಚೌಕ ಫೋಟೋ ಬರುತ್ತವೆ. ಹಿಂದುಗಡೆ ಸಣ್ಣ ಕೆಂಪು ಕಿಟಕಿ ಇದೆ. ಅದರಲ್ಲಿ ಮುಂದಿನ ಅಂಕಿ ಕಾಣುವ ತನಕ ಗುಂಡಿ ತಿರುಗಿಸಬೇಕು. ಮುಗೀತು.

ರೇಷ್ಮೆ ಗೂಡು ಮಾರಿದ ದುಡ್ಡಲ್ಲಿ ತಾತ ಇದನ್ನು ತಂದರಂತೆ. ಅವರು ಹೋದ ಮೇಲೆ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇತ್ತು. ಎರಡು ವರ್ಷದ ಹಿಂದೆ ಅಜ್ಜಿಯೇ ಕರೆದು ನನ್ನ ಕೈಗೆ ಕೊಟ್ಟರು. ಲೆನ್ಸ್ ಒರೆಸಿದ್ದು ಬಿಟ್ಟರೆ ನಾನು ಬೇರೆ ಏನೂ ರಿಪೇರಿ ಮಾಡಿಲ್ಲ. ಶಟರ್ ಈಗಲೂ ಟಕ್ ಅನ್ನುತ್ತದೆ.

ಕ್ಯಾಮೆರಾ ಜೊತೆ ಒಂದು ಆಲ್ಬಂ ಕೂಡ ಬಂತು. ಕಪ್ಪು ಹಾಳೆ, ಮೂಲೆಗೆ ಅಂಟಿಸಿದ ಪುಟ್ಟ ತ್ರಿಕೋನಗಳು, ಒಂದೊಂದು ಫೋಟೋ ಎರಡೂಕಾಲು ಇಂಚಿನ ಚೌಕ. ನೆಗೆಟಿವನ್ನು ಕಾಗದದ ಮೇಲೆ ಹಾಗೇ ಇಟ್ಟು ಪ್ರಿಂಟ್ ಹಾಕಿದ ಅಳತೆ ಅದು. ಅದರಲ್ಲಿ ಅಜ್ಜಿ ಹನ್ನೊಂದು ಫೋಟೋದಲ್ಲಿ ಇದ್ದಾರೆ. ಹನ್ನೊಂದರಲ್ಲೂ ಅಂಗಳದಲ್ಲೇ ನಿಂತಿದ್ದಾರೆ. ಹನ್ನೊಂದರಲ್ಲೂ ಹುಬ್ಬು ಗಂಟು ಹಾಕಿಕೊಂಡು, ಕಣ್ಣು ಕಿರಿದು ಮಾಡಿಕೊಂಡು ಇದ್ದಾರೆ. ನಾವು ಮೊಮ್ಮಕ್ಕಳೆಲ್ಲ ಆ ಫೋಟೋ ನೋಡಿಯೇ ಬೆಳೆದವರು. ಅಜ್ಜಿ ವಯಸ್ಸಿನಲ್ಲಿ ಬಹಳ ಸಿಡುಕಿ ಇದ್ದಿರಬೇಕು ಅಂತ ನಮ್ಮ ನಂಬಿಕೆ.

ಹೋದ ತಿಂಗಳು ಆಲ್ಬಂ ಎದುರಿಗೆ ಇಟ್ಟುಕೊಂಡು ಕೇಳಿದೆ, ಯಾಕಜ್ಜಿ ಎಲ್ಲದರಲ್ಲೂ ಸಿಟ್ಟು ಮಾಡ್ಕೊಂಡಿದ್ದೀರ ಅಂತ.

"ಸಿಟ್ಟಲ್ಲ ಕಣೇ. ಬಿಸಿಲು. ನಿಮ್ಮ ತಾತ ಸೂರ್ಯನ ಎದುರಿಗೇ ನಿಲ್ಲಿಸೋರು. ಮೇಲಿಂದ ಕಣ್ಣು ಬಿಡು ಬಿಡು ಅಂತ ಬೇರೆ ಕೂಗೋರು."

ಆಮೇಲೆ ಫೋಟೋಗಳನ್ನು ಇನ್ನೊಂದು ಸಲ ನೋಡಿದೆ. ಹೌದು. ಪ್ರತಿ ಫೋಟೋದ ಕೆಳಗೆ, ಅಜ್ಜಿಯ ಕಾಲಿನ ತನಕ, ತಾತನ ನೆರಳು ಚಾಚಿಕೊಂಡಿದೆ. ತಲೆಗೆ ಸುತ್ತಿದ ರುಮಾಲು, ಕ್ಯಾಮೆರಾ ಹಿಡಿದ ಎರಡು ಮೊಣಕೈ. ಬೆನ್ನಿಗೆ ಸೂರ್ಯ ಇರಬೇಕು ಅನ್ನುವುದು ಆಗಿನ ನಿಯಮ. ಅದು ಸುಮ್ನೆ ಹೇಳಿದ ನಿಯಮ ಅಲ್ಲ. ಈ ಕ್ಯಾಮೆರಾಕ್ಕೆ ಬೇರೆ ದಾರಿಯೇ ಇರಲಿಲ್ಲ.

ಲೆಕ್ಕ ಹೀಗಿದೆ. ಎಫ್ ಅಂಕಿ ಅಂದರೆ ಲೆನ್ಸಿನ ಕಿಂಡಿಯ ಅಳತೆ, ಅಂಕಿ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು. ಒಳ್ಳೆ ಬಿಸಿಲಲ್ಲಿ ಲೆನ್ಸನ್ನು ಎಫ್ 16ಕ್ಕೆ ಇಟ್ಟರೆ, ಫಿಲ್ಮಿನ ಸ್ಪೀಡ್, ಅಂದರೆ ಅದು ಬೆಳಕು ಹಿಡಿಯುವ ವೇಗದ ಅಂಕಿ, ಎಷ್ಟೋ ಶಟರ್ ಅಷ್ಟಿರಬೇಕು. 100ರ ಫಿಲ್ಮಿಗೆ ಸೆಕೆಂಡಿನ ನೂರನೇ ಒಂದು ಭಾಗ. ಮರದಡಿ ಅಥವಾ ಜಗುಲಿಯಂಥ ತೆರೆದ ನೆರಳಿಗೆ ಬಂದರೆ ಬೆಳಕು ನಾಲ್ಕು ಸ್ಟಾಪ್ ಇಳಿಯುತ್ತದೆ (ಒಂದೊಂದು ಸ್ಟಾಪಿಗೂ ಬೆಳಕು ಅರ್ಧಕ್ಕರ್ಧ), ಎಫ್ 4 ಬೇಕು. ಕ್ಲಿಕ್ ಥ್ರೀಯ ಲೆನ್ಸನ್ನು ನಾನು ಎಫ್ 11ರ ಆಸುಪಾಸು, ಶಟರನ್ನು ಸೆಕೆಂಡಿನ ಐವತ್ತನೇ ಒಂದು ಭಾಗದ ಆಸುಪಾಸು ಅಂತ ಹಿಡಿದುಕೊಂಡಿದ್ದೇನೆ. ನನ್ನ ನೆಗೆಟಿವ್‌ಗಳು ಈ ಅಂದಾಜಿಗೆ ಸರಿಯಾಗಿ ಬರುತ್ತಿವೆ. ಹಾಗಾದರೆ 100ರ ಫಿಲ್ಮಿಗೆ ನೆರಳಲ್ಲಿ ಎರಡು ಸ್ಟಾಪ್ ಬೆಳಕು ಕಡಿಮೆ ಬೀಳುತ್ತದೆ, ಅಂದರೆ ಬೇಕಾದದ್ದರ ಕಾಲು ಭಾಗ. ಆಗ ನಮ್ಮ ಕಡೆ ಅಂಗಡಿಯಲ್ಲಿ ಸಿಗುತ್ತಿದ್ದದ್ದು ಊಟಿಯ ಹಿಂದುಸ್ತಾನ್ ಫೋಟೋ ಫಿಲ್ಮ್ಸ್‌ನವರ 'ಇಂದು', ಪೂರ್ವ ಜರ್ಮನಿಯ ಓರ್ವೋ, ಇಂಥವು. ತಾತ 100ರ ಆಸುಪಾಸಿನ ರೀಲು ಹಾಕುತ್ತಿದ್ದರು ಅಂತ ಇಟ್ಟುಕೊಂಡರೆ, ಅಜ್ಜಿಯನ್ನು ಬಿಸಿಲಿಗೆ ಕರೆಯದೆ ಅವರಿಗೆ ಗತಿ ಇರಲಿಲ್ಲ.

ಈಗ ಅದೇ ಡಬ್ಬಿಗೆ 400ರ ಫಿಲ್ಮ್ ಹಾಕಿ ನೋಡಿ. ಎಫ್ 4ರಿಂದ 11ಕ್ಕೆ ಮೂರು ಸ್ಟಾಪ್ ಕಡಿಮೆ. ಶಟರ್ 400ರಿಂದ 50ಕ್ಕೆ ಮೂರು ಸ್ಟಾಪ್ ಜಾಸ್ತಿ. ಅಳತೆ ಮಾಡಿ ಹೊಲಿಸಿದ ಹಾಗೆ ನೆರಳಿಗೇ ಕೂರುತ್ತದೆ. ಈ ಲೆಕ್ಕ ಹೊಳೆದ ರಾತ್ರಿ ನನಗೆ ನಿಜವಾಗಿಯೂ ಖುಷಿಯಾಯಿತು. ಐವತ್ತು ವರ್ಷ ಅಂಗಳದಲ್ಲೇ ಉಳಿದ ಕ್ಯಾಮೆರಾ ಜಗುಲಿ ಹತ್ತಬಹುದು ಅಂತಾಯಿತಲ್ಲ! ಮಾರನೇ ದಿನವೇ ಇಲ್ಫರ್ಡ್ ಕಂಪನಿಯ 400ರ ಕಪ್ಪು ಬಿಳುಪು ರೀಲು, ಎಚ್‌ಪಿ5 ಪ್ಲಸ್, ಒಂದು ತರಿಸಿದೆ. ರೀಲಿಗೆ ಸಾವಿರ ರೂಪಾಯಿಯ ಆಸುಪಾಸು. ಕ್ಯಾಮೆರಾ ಬಿಟ್ಟಿ ಸಿಕ್ಕರೂ ಫಿಲ್ಮ್ ಬಿಟ್ಟಿ ಅಲ್ಲ. ಕೆಂಪು ಕಿಟಕಿಯ ಮೇಲೆ ಕಪ್ಪು ಟೇಪ್ ಅಂಟಿಸಿದೆ, ರೀಲು ತಿರುಗಿಸುವಾಗ ಮಾತ್ರ ಎತ್ತುತ್ತೇನೆ. ಆ ಕಿಟಕಿ ಹಳೆಯ ನಿಧಾನದ ಫಿಲ್ಮಿನ ಕಾಲದ್ದು, 400ರ ಫಿಲ್ಮಿಗೆ ಅದನ್ನು ನಂಬಿಕೊಂಡು ಕೂರಲು ಆಗಲ್ಲ.

ನಿನ್ನೆ ಬೆಳಿಗ್ಗೆ ಶಿಡ್ಲಘಟ್ಟದ ಬಸ್ ಹತ್ತಿದೆ. ಊರು ಹತ್ತಿರ ಬಂದ ಹಾಗೆ ರಸ್ತೆ ಎರಡೂ ಕಡೆ ಹಿಪ್ಪುನೇರಳೆ ತೋಟ. ಮಾವನ ಮನೆಯಲ್ಲಿ ರೇಷ್ಮೆ ಹುಳು ನಾಲ್ಕನೇ ಜ್ವರ (ಪೊರೆ ಬಿಡುವುದು) ಎದ್ದು, ಸೊಪ್ಪು ತಿಂದು ಮುಗಿಸಿ, ಹಣ್ಣಾಗಿದ್ದವು, ಅಂದರೆ ಗೂಡು ಕಟ್ಟಲು ತಯಾರು. ಅವನ್ನು ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರಿನ ತಟ್ಟೆಗೆ, ಬಿಡುವ ದಿನ. ಇಂಥ ದಿನ ಮನೆಯಲ್ಲಿ ಯಾರಿಗೂ ಕೂರಲು ಪುರಸೊತ್ತು ಇರುವುದಿಲ್ಲ. ಹಣ್ಣು ಹುಳು ಕಾಯುವುದಿಲ್ಲ, ಸಿಕ್ಕಿದ ಕಡೆ ನೂಲು ಬಿಡಲು ಶುರು ಮಾಡುತ್ತವೆ.

ಹುಳುಮನೆ ಒಳಗೆ ಕಾಲು ತೊಳೆದೇ ಹೋಗಬೇಕು. ಮಾವ ನನ್ನ ಕೈ ಮೂಸಿ ನೋಡಿದರು. "ಏನಮ್ಮಾ, ಆ ಫೋಟೋ ತೊಳೆಯೋ ಔಷಧಿ ಏನಾದ್ರೂ ಮುಟ್ಕೊಂಡು ಬಂದಿದ್ದೀಯಾ?" ಘಾಟು ವಾಸನೆ ಹುಳುವಿಗೆ ಆಗುವುದಿಲ್ಲ. ಊದುಬತ್ತಿ ಕೂಡ ಆ ಕಡೆ ಹಚ್ಚುವುದಿಲ್ಲ. ಎರಡು ಸಲ ಸೋಪು ಹಾಕಿ ತೊಳೆದುಕೊಂಡು ಬಂದೆ.

ಒಳಗಿನ ಕತ್ತಲೆಗೆ ಕ್ಲಿಕ್ ಥ್ರೀ ಸಾಲದು. ಅದಕ್ಕೆ ನನ್ನ ಝೆನಿಟ್ ಇ ತೆಗೆದುಕೊಂಡು ಹೋಗಿದ್ದೆ. ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಎರಡೂವರೆ ಸಾವಿರಕ್ಕೆ ಸಿಕ್ಕ ರಷ್ಯಾದ ಕ್ಯಾಮೆರಾ. ಕಬ್ಬಿಣದ ತುಂಡಿನಷ್ಟು ಭಾರ, ಮೀಟರ್ ಸತ್ತಿದೆ. ಆದರೆ ಅದರ 58 ಎಂಎಂ ಹೀಲಿಯೋಸ್ ಲೆನ್ಸ್ ಎಫ್ 2ರ ತನಕ ತೆರೆದುಕೊಳ್ಳುತ್ತದೆ. ಸೆಕೆಂಡಿನ 30ನೇ ಒಂದು ಭಾಗದಲ್ಲಿ, ಉಸಿರು ಹಿಡಿದು, ಹತ್ತು ಹನ್ನೆರಡು ತೆಗೆದೆ. ಆ ರೀಲು ಇನ್ನೂ ಮುಗಿದಿಲ್ಲ.

ಚಂದ್ರಿಕೆಗಳನ್ನು ಹೊರಗೆ ಚಪ್ಪರದ ನೆರಳಿಗೆ ತಂದು ಒರಗಿಸಿದರು. ಬಿದಿರಿನ ಆ ಸುರುಳಿ ಸುರುಳಿ ಪಟ್ಟಿಗಳು, ಅದರ ಸಂದಿಯಲ್ಲಿ ಹುಳುಗಳು ತಲೆ ಎತ್ತಿ ಎಂಟರ ಆಕಾರದಲ್ಲಿ ಆಡಿಸುವುದು. ಬಣ್ಣದಲ್ಲಿ ನೋಡಿದರೆ ಅಲ್ಲಿ ಬಿದಿರು ಕಾಣುತ್ತದೆ, ಹುಳು ಕಾಣುತ್ತದೆ. ಕಪ್ಪು ಬಿಳುಪಿನಲ್ಲಿ ಮೊದಲು ಕಾಣುವುದು ಸುರುಳಿ. ಬಣ್ಣ ತೆಗೆದರೆ ಕಳೆದುಹೋಗುವುದೂ ಇದೆ. ಹೋದ ಸಲ ಮಾವನ ಸಿಬಿ (ಕ್ರಾಸ್ ಬ್ರೀಡ್, ಮಿಶ್ರತಳಿ) ಗೂಡು, ಪಕ್ಕದ ಮನೆಯವರ ಬಿಳಿ ಗೂಡು ಅಕ್ಕಪಕ್ಕ ಇಟ್ಟು ತೆಗೆದಿದ್ದೆ. ಸಿಬಿ ಗೂಡು ಹಳದಿ. ಫೋಟೋದಲ್ಲಿ ಎರಡೂ ಹೆಚ್ಚುಕಮ್ಮಿ ಒಂದೇ ಬಿಳುಪು. ಜೊತೆಗೆ ಹಳದಿ ಫಿಲ್ಟರ್ ಬೇರೆ ಹಿಡಿದಿದ್ದೆ. ಅದು ನೀಲಿ ಬೆಳಕನ್ನು ತಡೆದು ಹಳದಿಯನ್ನು ಬಿಡುತ್ತದೆ, ಹಾಗಾಗಿ ಇದ್ದ ವ್ಯತ್ಯಾಸವೂ ಹೋಯಿತು. ಆಕಾಶಕ್ಕೆ ಒಳ್ಳೆಯದಾದ ಫಿಲ್ಟರ್ ಗೂಡಿಗೆ ಒಳ್ಳೆಯದಲ್ಲ. ಗೂಡು ನೋಡಿ ಬೆಲೆ ಹೇಳುವ ಮನುಷ್ಯ ಮಾವ, ಆ ಫೋಟೋ ಹಿಡಿದು ಬಹಳ ಹೊತ್ತು ನೋಡಿದರು. "ಇದ್ರಲ್ಲಿ ನನ್ನ ಗೂಡು ಯಾವುದು ಅಂತ ನಂಗೇ ಗೊತ್ತಾಗ್ತಿಲ್ಲವಲ್ಲ" ಅಂದರು.

ಅಜ್ಜಿ ಜಗುಲಿ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಈ ವರ್ಷದ ಮೊದಲನೇದು. ಸೊಗಡಿನ ವಾಸನೆ ಅಂಗಳದ ತನಕ ಬರುತ್ತಿತ್ತು. ಜಗುಲಿ ಉತ್ತರ ದಿಕ್ಕಿಗಿದೆ, ನೇರ ಬಿಸಿಲು ಬೀಳುವುದಿಲ್ಲ. ಎದುರಿನ ಅಂಗಳದಿಂದ ಹಾಯುವ ಬೆಳಕು ಮಾತ್ರ ಮುಖದ ಮೇಲೆ ಮೆತ್ತಗೆ ಬೀಳುತ್ತದೆ. ಕ್ಯಾಮೆರಾ ನೋಡಿದ ತಕ್ಷಣ ಅಜ್ಜಿ ಮೊರ ಪಕ್ಕಕ್ಕೆ ಇಟ್ಟು, ಸೆರಗು ಸರಿ ಮಾಡಿಕೊಂಡು, ಅಂಗಳಕ್ಕೆ ಇಳಿಯಲು ಕಂಬ ಹಿಡಿದು ಎದ್ದರು. ಯಾರೂ ಹೇಳಿರಲಿಲ್ಲ. ಫೋಟೋ ಅಂದರೆ ಬಿಸಿಲಿಗೆ ಹೋಗಬೇಕು ಅಂತ ಅವರ ಕಾಲಿಗೇ ಗೊತ್ತು. "ಬೇಡ ಅಜ್ಜಿ, ಅಲ್ಲೇ ಕೂತ್ಕೊಳ್ಳಿ, ಕಾಯಿ ಸುಲೀತಿರಿ" ಅಂದೆ. ನಂಬಲಿಲ್ಲ. "ಇಲ್ಲಿ ಕಪ್ಪಗೆ ಬರುತ್ತೆ ಕಣೇ" ಅಂದರು. ಎರಡು ಸಲ ಹೇಳಿದ ಮೇಲೆ ಕೂತರು.

ಗುರುತನ್ನು ಮೋಡಕ್ಕೆ ತಿರುಗಿಸಿದೆ, ಸ್ವಲ್ಪ ಜಾಸ್ತಿ ಬೆಳಕು ಇರಲಿ ಅಂತ. ಹೆಜ್ಜೆ ಹಾಕಿ ಅಳೆಯಲಿಲ್ಲ, ಕಣ್ಣಳತೆಯಲ್ಲಿ ಹತ್ತು ಅಡಿ. ಚಪ್ಪರದ ಕಂಬಕ್ಕೆ ಕ್ಯಾಮೆರಾ ಒತ್ತಿ ಹಿಡಿದೆ. ಅಜ್ಜಿ ಒಂದು ಕಾಯಿ ಸುಲಿದು, ಕಾಳು ಬೆರಳಲ್ಲಿ ಹಿಡಿದೇ ತಲೆ ಎತ್ತಿದರು. ಆಗ ಒತ್ತಿದೆ.

ಅದಾದ ಮೇಲೆ ಒಂದು ತಪ್ಪಾಯಿತು. ಮಾವ ಚಂದ್ರಿಕೆ ಎತ್ತಿಕೊಂಡು ಎದುರಿಗೇ ಬಂದರು, ತೆಗೆದೆ. ರೀಲು ತಿರುಗಿಸುವುದು ಮರೆತು ಅದರ ಮೇಲೇ ಹೊಂಗೆ ಮರ ತೆಗೆದೆ. ಈ ಕ್ಯಾಮೆರಾದಲ್ಲಿ ತಿರುಗಿಸದಿದ್ದರೂ ಶಟರ್ ಬೀಳುತ್ತದೆ, ತಡೆಯುವ ಏರ್ಪಾಡು ಇಲ್ಲ. ಇವತ್ತು ನೆಗೆಟಿವ್‌ನಲ್ಲಿ ಮಾವನ ಮುಖದ ತುಂಬ ಎಲೆ. ಬೇಜಾರಾಯಿತು, ಅವರು ಕೆಲಸದ ನಡುವೆ ಹಾಗೆ ನಿಲ್ಲುವುದು ಅಪರೂಪ. ಇನ್ನೆರಡು ತೋಟದಲ್ಲಿ ನಡುಬಿಸಿಲಲ್ಲಿ ತೆಗೆದವು, ನಾಲ್ಕು ಸ್ಟಾಪ್ ಜಾಸ್ತಿ ಬೆಳಕು ತಿಂದು ನೆಗೆಟಿವ್‌ನಲ್ಲಿ ಕರ್ರಗೆ ಕೂತಿವೆ.

ಇವತ್ತಿನ ತೊಳೆಯುವ ಕೆಲಸ ಸಲೀಸಾಗಿ ಆಯಿತು. ಬಚ್ಚಲುಮನೆ ಬಾಗಿಲ ಸಂದಿಗೆ ಕಂಬಳಿ ತುರುಕಿ ಪೂರ್ತಿ ಕತ್ತಲು ಮಾಡಿದೆ. 120 ರೀಲಿನ ಕೊನೆಯಲ್ಲಿ ಫಿಲ್ಮನ್ನು ಕಾಗದಕ್ಕೆ ಅಂಟಿಸಿದ ಟೇಪ್ ಇರುತ್ತದೆ. ಅದನ್ನು ಕೀಳುವಾಗ ಕತ್ತಲಲ್ಲಿ ಒಂದು ಗೆರೆಯಷ್ಟು ನೀಲಿ ಬೆಳಕು ಮಿನುಗುತ್ತದೆ. ಎಷ್ಟು ಸಲ ನೋಡಿದರೂ ನನಗೆ ಸಾಕಾಗಿಲ್ಲ. ಚಿತ್ರ ಮೂಡಿಸುವ ಔಷಧಿ ರೋಡಿನಲ್ ಹತ್ತು ಎಂಎಲ್, ನೀರು ಐನೂರು ಎಂಎಲ್. 20 ಡಿಗ್ರಿಗೆ ಹನ್ನೊಂದು ನಿಮಿಷ. ನಮ್ಮ ನೀರು ಇವತ್ತು 23 ಇತ್ತು, ಎಂಟೂವರೆ ನಿಮಿಷಕ್ಕೆ ನಿಲ್ಲಿಸಿದೆ. ಆಮೇಲೆ ಬರೀ ನೀರು, ಆಮೇಲೆ ಮೂಡಿದ ಚಿತ್ರ ನಿಲ್ಲಿಸುವ ಫಿಕ್ಸರ್ ಐದು ನಿಮಿಷ.

ಕೊನೆಗೆ ತೊಳೆಯುವುದಕ್ಕೆ ಅರ್ಧ ಗಂಟೆ ನಲ್ಲಿ ಬಿಡಬೇಕು ಅಂತ ಹಳಬರು ಹೇಳುತ್ತಿದ್ದರು. ನಮ್ಮ ಜಿಲ್ಲೆಯಲ್ಲಿ ಅದು ಪಾಪದ ಕೆಲಸ. ಸಾವಿರ ಅಡಿ ಕೊರೆದರೂ ನೀರು ಸಿಗದೆ ಬೋರ್‌ವೆಲ್ ಮುಚ್ಚಿದವರು ಮಾವನ ಊರಲ್ಲೇ ಇದ್ದಾರೆ. ಇಲ್ಫರ್ಡ್‌ನವರೇ ಹೇಳಿಕೊಟ್ಟ ಇನ್ನೊಂದು ದಾರಿ ಇದೆ. ಫಿಲ್ಮ್ ತೊಳೆಯುವ ಡಬ್ಬಿಗೆ ನೀರು ತುಂಬಿ ಐದು ಸಲ ಮಗುಚಿ ಚೆಲ್ಲುವುದು, ಮತ್ತೆ ತುಂಬಿ ಹತ್ತು ಸಲ, ಮತ್ತೆ ತುಂಬಿ ಇಪ್ಪತ್ತು ಸಲ. ಮೂರು ಡಬ್ಬಿ, ಒಂದೂವರೆ ಲೀಟರಿಗೆ ಮುಗಿಯಿತು. ಬೋರ್‌ವೆಲ್ ನೀರು ಗಡುಸು, ಹಾಗೇ ಒಣಗಿಸಿದರೆ ಫಿಲ್ಮ್ ಮೇಲೆ ಸುಣ್ಣದ ಚುಕ್ಕೆ ನಿಲ್ಲುತ್ತವೆ. ಅದಕ್ಕೆ ಕೊನೆಯ ಮುಳುಗು ಮಾತ್ರ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್‌ನಲ್ಲಿ. ಪೆಟ್ರೋಲ್ ಬಂಕಿನಲ್ಲಿ ಸಿಗುತ್ತದೆ.

ಸಂಜೆ ಲ್ಯಾಪ್‌ಟಾಪಿನ ಬಿಳಿ ಪರದೆ ಮೇಲೆ ನೆಗೆಟಿವ್ ಇಟ್ಟು, ಫೋನಿನಲ್ಲಿ ತೆಗೆದು, ಕಪ್ಪು ಬಿಳುಪು ಅದಲು ಬದಲು ಮಾಡಿದೆ. ಅಜ್ಜಿ ಬಂದರು. ಹಿಂದಿನ ಗೋಡೆ ಮಬ್ಬಾಗಿದೆ, ಅಂಚುಗಳು ಸ್ವಲ್ಪ ಕರಗಿವೆ, ಈ ಲೆನ್ಸೇ ಹಾಗೆ. ಆದರೆ ಕಣ್ಣು ತೆರೆದಿವೆ. ಅಗಲ ಕಣ್ಣು. ಅಮ್ಮನ ಕಣ್ಣು ಅಜ್ಜಿಯದು ಅಂತ ಎಲ್ಲರೂ ಹೇಳುತ್ತಿದ್ದದ್ದು ನನಗೆ ಫೋಟೋದಲ್ಲಿ ಕಂಡಿದ್ದು ಇವತ್ತೇ ಮೊದಲು.

ಮಾವನ ಮಗನ ಫೋನಿಗೆ ಕಳಿಸಿದೆ. ಹತ್ತು ನಿಮಿಷಕ್ಕೆ ಅವನ ಫೋನಿನಿಂದ ಅಜ್ಜಿ ಮಾತಾಡಿದರು.

"ಕಣ್ಣು ಚೆನ್ನಾಗಿ ಬಂದವೆ ಕಣೇ. ಕೈಯಲ್ಲಿರೋ ಕಾಳೂ ಕಾಣ್ತೈತೆ." ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅಲ್ಲಾ, ನೀನೆಲ್ಲಿದ್ದೀಯ ಇದ್ರಲ್ಲಿ?"

"ನಾನು ತೆಗೆದಿದ್ದಲ್ವಾ ಅಜ್ಜಿ, ನಾನು ಹೇಗೆ ಬೀಳ್ತೀನಿ?"

"ನಿಮ್ಮ ತಾತ ತೆಗೆದ್ರೆ ಅವರೂ ಬೀಳೋರು."

ನನಗೆ ತಕ್ಷಣ ಮಾತು ಬರಲಿಲ್ಲ.

ಫ್ರಿಜ್ಜಿನಲ್ಲಿ 100ರ ಫೋಮಾಪ್ಯಾನ್ ಒಂದು ರೀಲು ಇದೆ. ಮುಂದಿನ ಭಾನುವಾರ ಅದನ್ನು ಹಾಕಿಕೊಂಡು ಹೋಗುತ್ತೇನೆ. ನಾಲ್ಕೂವರೆಗೆ ಬಿಸಿಲು ವಾಲಿರುತ್ತದೆ, ನೆರಳು ಉದ್ದ ಬೀಳುತ್ತದೆ. ಅಂಗಳದಲ್ಲಿ ನಿಲ್ಲುತ್ತೀರಾ ಅಂತ ಕೇಳಿದೆ. ಕಣ್ಣು ಕಿರಿದಾದರೂ ಪರವಾಗಿಲ್ಲ, ನಿಲ್ಲುತ್ತೇನೆ ಅಂದಿದ್ದಾರೆ.