ಚಿಲಿಕಾ ದಾಟುವಾಗ ಪುಟ್ಟಿ ಏನು ಹೇಳಿದಳು?

ನನ್ನ ಹಳೇ ಫೋನಿನಲ್ಲಿ 40 ಸೆಕೆಂಡಿನ ಒಂದು ವಿಡಿಯೋ ಇದೆ. 2018ರ ನವೆಂಬರ್ ತಿಂಗಳದ್ದು. ಭುವನೇಶ್ವರದಿಂದ ಬೆಂಗಳೂರಿಗೆ ಬರುವ ಪ್ರಶಾಂತಿ ಎಕ್ಸ್‌ಪ್ರೆಸ್ಸು, ಕಿಟಕಿಯಾಚೆ ಚಿಲಿಕಾ ಸರೋವರ. ಐದು ವರ್ಷದ ಪುಟ್ಟಿ ಕಿಟಕಿ ಸರಳು ಹಿಡಿದುಕೊಂಡು, ನನ್ನ ಕಡೆ ತಿರುಗಿ ಒಂದೇ ಸಮನೆ ಏನೋ ಹೇಳುತ್ತಿದ್ದಾಳೆ. ನಾನು ಹಿಂದಿನಿಂದ "ಹೌದಾ ಪುಟ್ಟಾ? ಹೌದಾ?" ಅನ್ನುತ್ತಿದ್ದೇನೆ. ಒಂದಕ್ಷರವೂ ಅರ್ಥ ಆಗಿರಲಿಲ್ಲ. ನೀರು ನೋಡಿ ಖುಷಿಯಾಗಿದೆ ಅಂತ ನಾನೇ ತೀರ್ಮಾನ ಮಾಡಿಬಿಟ್ಟಿದ್ದೆ.

ದತ್ತು ಅರ್ಜಿ ತುಂಬುವಾಗ ಯಾವ ರಾಜ್ಯದ ಮಗು ಅಂತ ಕೇಳುತ್ತಾರೆ. ಯಾವುದಾದರೂ ಸರಿ ಅಂದಿದ್ದೆವು. ಮಗು ಮಗುವೇ ಅಲ್ವಾ ಅಂತ. ಒಂದು ದಿನ ಕೇಂದ್ರ ಸರ್ಕಾರದ ದತ್ತು ಪ್ರಾಧಿಕಾರ 'ಕಾರಾ'ದ ಪೋರ್ಟಲ್‌ನಲ್ಲಿ ಒಡಿಶಾದ ಮಗುವಿನ ಫೋಟೋ, ಆರೋಗ್ಯದ ವರದಿ ಬಂತು. ಒಪ್ಪಿಕೊಳ್ಳಲು 48 ಗಂಟೆ ಟೈಮ್. ಆ 48 ಗಂಟೆ ನಾವು ರಕ್ತದ ರಿಪೋರ್ಟು ಹಿಡಿದು ಡಾಕ್ಟರ ಹಿಂದೆ ಓಡಾಡಿದೆವು. ಈ ಮಗು ಮಾತಾಡುವುದು ಒಡಿಯಾ, ನಮ್ಮಿಬ್ಬರಿಗೂ ಒಡಿಯಾ ಬರಲ್ಲ ಅನ್ನುವ ವಿಷಯ ತಲೆಗೇ ಹೊಳೆಯಲಿಲ್ಲ. ಈಗ ನೆನೆಸಿಕೊಂಡರೆ ನಾಚಿಕೆ ಆಗುತ್ತದೆ.

ಮನೆಗೆ ಬಂದ ಮೊದಲ ವಾರ ಊಟ ಆದ ತಕ್ಷಣ ತಟ್ಟೆ ಹಿಡಿದು ಸಿಂಕಿನಿಂದ ಮೂರು ಹೆಜ್ಜೆ ದೂರ ನಿಲ್ಲುತ್ತಿದ್ದಳು. ಯಾಕೆ ಅಲ್ಲೇ ನಿಂತಿದ್ದಾಳೆ ಅಂತ ನಮಗೆ ಎರಡು ದಿನ ಗೊತ್ತೇ ಆಗಲಿಲ್ಲ. ಸಾಲು! ಮುಂದೆ ಯಾರೂ ಇಲ್ಲದಿದ್ದರೂ, ಶಿಶುಗೃಹದಲ್ಲಿದ್ದ ಹಾಗೇ ಅವಳು ಸಾಲಿನಲ್ಲಿ ನಿಂತಿದ್ದಳು. ರಾತ್ರಿಯಾದರೆ "ಘರಕು ಜಿಬಿ, ಘರಕು ಜಿಬಿ" ಅಂತ ಅಳು. ಘರ ಅಂದರೆ ಮನೆ, ಅಷ್ಟು ಹಿಂದಿಯಿಂದಲೇ ಗೊತ್ತಾಯಿತು. ಮನೆಗೆ ಹೋಗಬೇಕಂತೆ. ಮನೆಯಲ್ಲೇ ಕೂತು ಆ ಮಾತು ಕೇಳುವುದಿದೆಯಲ್ಲ, ಅದಕ್ಕೆ ನಮ್ಮನ್ನು ಯಾರೂ ತಯಾರು ಮಾಡಿರಲಿಲ್ಲ.

ಎಲ್ಲರದೂ ಒಂದೇ ಸಲಹೆ. ಕನ್ನಡದಲ್ಲೇ ಮಾತಾಡಿ, ಬೇಗ ಮರೀತಾಳೆ. ಮರೆತಳು ಕೂಡ. ನಾಲ್ಕೇ ತಿಂಗಳಲ್ಲಿ "ಅಮ್ಮಾ, ನಂಗೆ ಚಿತ್ರಾನ್ನ ಬೇಡ" ಅನ್ನುವಷ್ಟು ಕನ್ನಡ ಬಂತು. ನಾವು ಊರಿಗೆಲ್ಲ ಫೋನ್ ಮಾಡಿ ಹೇಳಿದ್ದೇ ಹೇಳಿದ್ದು. ಅದೇ ನಾಲ್ಕು ತಿಂಗಳಲ್ಲಿ ಅವಳ ಒಡಿಯಾ ಕರಗಿಹೋಗುತ್ತಿತ್ತು. ಅದನ್ನು ಯಾರೂ ಲೆಕ್ಕ ಇಡಲಿಲ್ಲ.

ಆ ದಿನಗಳಲ್ಲಿ ನಮ್ಮ ಅಪಾರ್ಟ್‌ಮೆಂಟ್ ಗೇಟಿನಲ್ಲಿ ಒಡಿಶಾದ ಸೆಕ್ಯೂರಿಟಿ ಹುಡುಗನೊಬ್ಬ ಇದ್ದ. ಒಮ್ಮೆ ಅವನು ಫೋನಿನಲ್ಲಿ ಮಾತಾಡುವುದು ಕೇಳಿ ಪುಟ್ಟಿ ಗಕ್ಕನೆ ನಿಂತಳು. ನನ್ನ ಕೈ ಬಿಟ್ಟಳು. ಹೋಗಿ ಅವನ ಪಕ್ಕ ಕೂತು ಹತ್ತು ನಿಮಿಷ ಪಟಪಟ ಮಾತಾಡಿದಳು. ಇಷ್ಟು ಮಾತು ಇವಳ ಹತ್ತಿರ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. ಖುಷಿ ಪಡಬೇಕಿತ್ತು. ನಿಜ ಹೇಳಬೇಕೆಂದರೆ ನನಗೆ ಹೊಟ್ಟೆಕಿಚ್ಚಾಯಿತು. "ಬಾ, ಲೇಟಾಯ್ತು" ಅಂತ ಎಳೆದುಕೊಂಡು ಬಂದೆ. ಆಮೇಲೆ ಒಂದಷ್ಟು ದಿನ ಹಿಂದಿನ ಗೇಟಿನಿಂದ ಓಡಾಡಿದೆ. ಇದನ್ನು ಇದುವರೆಗೂ ನನ್ನ ಗಂಡನಿಗೂ ಹೇಳಿಲ್ಲ.

ದತ್ತು ಆದ ಮೇಲೆ ಎರಡು ವರ್ಷ, ಆರು ತಿಂಗಳಿಗೊಮ್ಮೆ ಸಮಾಜ ಕಾರ್ಯಕರ್ತರು ಮನೆಗೆ ಬಂದು ವರದಿ ಬರೆಯುತ್ತಾರೆ. ನಮ್ಮಲ್ಲಿಗೂ ಬಂದರು. ತೂಕ ಎಷ್ಟು, ಎತ್ತರ ಎಷ್ಟು, ಲಸಿಕೆ ಆಯ್ತಾ, ಸ್ಕೂಲಿಗೆ ಹೋಗ್ತಾಳಾ. ಒಳ್ಳೆಯವರೇ, ಕಾಫಿ ಕುಡಿದು ಪುಟ್ಟಿಯ ಚಿತ್ರ ಹೊಗಳಿ ಹೋಗುತ್ತಿದ್ದರು. ಅವಳ ಭಾಷೆ ಏನಾಯಿತು ಅಂತ ಮಾತ್ರ ನಾಲ್ಕು ಸಲದಲ್ಲಿ ಒಮ್ಮೆಯೂ ಕೇಳಲಿಲ್ಲ. ಹೋಗಲಿ, ನಾವೂ ಹೇಳಲಿಲ್ಲ. ಆಗ ಅದು ತೊಂದರೆ ಅಂತ ನಮಗೂ ಅನ್ನಿಸಿರಲಿಲ್ಲವಲ್ಲ.

ಸ್ಕೂಲಿನ ಫಾರಂನಲ್ಲಿ 'ಮಾತೃಭಾಷೆ' ಅಂತ ಒಂದು ಕಾಲಂ ಬಂತು. ನಾನು ಪೆನ್ನು ಹಿಡಿದು ಕೂತೇ ಇದ್ದೆ. ಯಾವ ತಾಯಿಯ ಭಾಷೆ? ಕೊನೆಗೆ ಆಫೀಸಿನಲ್ಲಿದ್ದವರು "ಕನ್ನಡ ಹಾಕಿ ಮೇಡಂ, ಸುಮ್ನೆ ಯಾಕೆ ತಲೆ ಕೆಡಿಸ್ಕೋತೀರಿ" ಅಂದರು. ಹಾಕಿದೆ.

ಬಣ್ಣದ ವಿಷಯಕ್ಕೆ ಬರೋಣ. ದೂರದ ಸಂಬಂಧಿಯೊಬ್ಬರು ಪುಟ್ಟಿಯನ್ನು ನೋಡಿ "ಪರವಾಗಿಲ್ಲ, ನಿಮ್ಮ ಮನೆ ಮಗು ಥರಾನೇ ಇದಾಳೆ, ಸ್ವಲ್ಪ ಬಣ್ಣ ಕಮ್ಮಿ" ಅಂದರು. ಇನ್ನು ಕೆಲವರು "ಎಂಥ ಪುಣ್ಯದ ಕೆಲಸ ಮಾಡಿದಿರಿ" ಅನ್ನುತ್ತಾರೆ, ಅದೂ ಅವಳ ಎದುರಿಗೇ. ಬೈಗುಳಕ್ಕಿಂತ ಈ ಪುಣ್ಯದ ಮಾತೇ ನನಗೆ ಜಾಸ್ತಿ ಕಿರಿಕಿರಿ. ತಾನು ಯಾರದೋ ಪುಣ್ಯದ ಖಾತೆಯಲ್ಲಿ ಜಮಾ ಆದ ಮಗು ಅಂತ ತಿಳಿದ ಮೇಲೆ, ಹೋಂವರ್ಕ್ ಮಾಡಲ್ಲ ಹೋಗು ಅಂತ ಅಮ್ಮನ ಹತ್ತಿರ ಜಗಳ ಆಡುವುದಾದರೂ ಹೇಗೆ?

ನಮ್ಮದು ಒಂದೇ ದೇಶದೊಳಗಿನ ಕಥೆ. ಸಾಗರ ದಾಟಿ ಹೋದ ಮಕ್ಕಳದ್ದು ಇನ್ನೂ ಕಷ್ಟ. 1950ರ ದಶಕದ ಯುದ್ಧದ ನಂತರದ ದಶಕಗಳಲ್ಲಿ ದಕ್ಷಿಣ ಕೊರಿಯಾದಿಂದ ಸುಮಾರು 2 ಲಕ್ಷ ಮಕ್ಕಳು ಅಮೆರಿಕ, ಯುರೋಪಿನ ಬಿಳಿಯರ ಮನೆಗಳಿಗೆ ಹೋದರು. ಬಣ್ಣ ನೋಡಬೇಡಿ, ಪ್ರೀತಿ ಕೊಡಿ ಸಾಕು ಅಂತ ಆಗಿನ ಅಪ್ಪ-ಅಮ್ಮಂದಿರಿಗೆ ಹೇಳಿ ಕಳಿಸುತ್ತಿದ್ದರು. ಆ ಮಕ್ಕಳು ಬೆಳೆದು ದೊಡ್ಡವರಾಗಿ ಬಾಯಿ ಬಿಟ್ಟ ಮೇಲೆಯೇ ಗೊತ್ತಾಗಿದ್ದು, ಅಪ್ಪ-ಅಮ್ಮ ಬಣ್ಣ ನೋಡದಿದ್ದರೂ ಸ್ಕೂಲಿನವರು, ಬೀದಿಯವರು ನೋಡುತ್ತಿದ್ದರು, ಮನೆಗೆ ಬಂದು ಹೇಳಿಕೊಂಡರೆ ಅರ್ಥ ಆಗುವವರು ಯಾರೂ ಇರಲಿಲ್ಲ ಅಂತ. ಎಷ್ಟೋ ಮಕ್ಕಳ ಹುಟ್ಟಿನ ದಾಖಲೆಗಳನ್ನೇ ತಿದ್ದಲಾಗಿತ್ತು ಅಂತ 2025ರಲ್ಲಿ ಅಲ್ಲಿನ ಸತ್ಯಶೋಧನಾ ಆಯೋಗವೇ ಹೇಳಿತು.

ಇದನ್ನೆಲ್ಲ ಓದುತ್ತಾ ಕೂತಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು 2014ರ ಒಂದು ಅಧ್ಯಯನ. ಚೀನಾದಲ್ಲಿ ಹುಟ್ಟಿ, ಕೂಸುಗಳಿದ್ದಾಗಲೇ ದತ್ತು ಹೋಗಿ, ಫ್ರೆಂಚ್ ಮಾತ್ರ ಕಲಿತು ಬೆಳೆದ ಹುಡುಗಿಯರು. ಚೀನೀ ಭಾಷೆಯ ಒಂದು ಪದವೂ ಗೊತ್ತಿಲ್ಲ. ಮಾಂಟ್ರಿಯಲ್‌ನ ಸಂಶೋಧಕರು ಅವರಿಗೆ ಆ ಭಾಷೆಯ ಸ್ವರದ ಏರಿಳಿತ ಕೇಳಿಸಿ ಮೆದುಳಿನ ಸ್ಕ್ಯಾನ್ ಮಾಡಿದರು. ಚೀನೀ ಮಾತಾಡುವವರ ಮೆದುಳು ಹೇಗೆ ಸ್ಪಂದಿಸುತ್ತದೋ ಇವರದ್ದೂ ಹಾಗೇ ಸ್ಪಂದಿಸಿತು. ಓದಿ ಲ್ಯಾಪ್‌ಟಾಪ್ ಮುಚ್ಚಿಟ್ಟೆ. ಹಿಂದಿನ ಗೇಟು ನೆನಪಾಯಿತು.

ಈಗ ಯಾರಾದರೂ ಹೊರರಾಜ್ಯದ ಮಗುವನ್ನು ತರುತ್ತೇವೆ ಅಂತ ಫೋನ್ ಮಾಡಿದರೆ ನಾನು ತೊಟ್ಟಿಲು, ಬಟ್ಟೆ ಬಗ್ಗೆ ಏನೂ ಹೇಳಲ್ಲ. ಹೋಗುವ ಮೊದಲು ಆ ಭಾಷೆಯ ಐವತ್ತು ಪದ ಕಲಿಯಿರಿ ಅನ್ನುತ್ತೇನೆ. ಹಸಿವು, ಉಚ್ಚೆ, ನೋವು, ಭಯ, ನಾಳೆ. ನೋಡಿಕೊಂಡ ಆಯಾ ಇದ್ದರೆ ಅವರು ಮಲಗಿಸುವಾಗ ಹಾಡುವುದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಏನು ತಿನ್ನುತ್ತಿತ್ತು ಕೇಳಿ. (ನಮ್ಮ ತಂಗಳನ್ನದಂಥ ಪಖಾಳ ಪುಟ್ಟಿಗೆ ಎಷ್ಟು ಇಷ್ಟ ಅಂತ ನಮಗೆ ತಿಳಿಯಲು ಮೂರು ವರ್ಷ ಬೇಕಾಯಿತು.) ಅಲ್ಲಿನ ಒಂದು ಹಳೇ ಬಟ್ಟೆಯನ್ನಾದರೂ ತನ್ನಿ, ಒಗೆಯಬೇಡಿ. ಹೆಸರು ಬದಲಾಯಿಸುವ ಮುಂಚೆ ಇನ್ನೊಮ್ಮೆ ಯೋಚಿಸಿ. ಮಗುವಿನ ಫೈಲಿನ ಒಂದು ಹಾಳೆಯನ್ನೂ ಕಳೆಯಬೇಡಿ. 18 ತುಂಬಿದ ಮೇಲೆ ತನ್ನ ಮೂಲ ಹುಡುಕಬೇಕು ಅನ್ನಿಸಿದರೆ ಅವಳೇ ಅರ್ಜಿ ಹಾಕಬಹುದು, ಬೇರೆಯವರು ಹಾಕಲು ನಿಯಮ ಬಿಡುವುದಿಲ್ಲ. ಆ ದಿನ ಅವಳ ಕೈಯಲ್ಲಿ ಕಾಗದ ಇರಬೇಕು.

ನಾವು ಎಚ್ಚೆತ್ತಿದ್ದು ತಡವಾಗಿ. ಮೂರು ವರ್ಷದಿಂದ ಅಗರದ ಜಗನ್ನಾಥ ದೇವಸ್ಥಾನಕ್ಕೆ ರಥಯಾತ್ರೆ ನೋಡಲು ಹೋಗುತ್ತಿದ್ದೇವೆ. ಅಲ್ಲಿ ಪರಿಚಯವಾದ ಒಬ್ಬ ಆಂಟಿ ಭಾನುವಾರ ಪುಟ್ಟಿಗೆ ಒಡಿಯಾ ಅಕ್ಷರ ಹೇಳಿಕೊಡುತ್ತಾರೆ. "ಇದೂ ಕನ್ನಡದ ಹಾಗೇ ಗುಂಡಗಿದೆ" ಅಂದಳು ಮೊದಲ ದಿನ. ಕೆಲವು ವಾರ ಇಷ್ಟ, ಕೆಲವು ವಾರ ಬೋರು, ಹೋಗಲ್ಲ ಅಂತ ಹಟ. ಹೋಗದಿದ್ದರೆ ಬಿಡು ಅನ್ನುತ್ತೇವೆ.

ಕಳೆದ ತಿಂಗಳು ಅವಳೇ ಆ ರೈಲಿನ ವಿಡಿಯೋ ಆಂಟಿಗೆ ತೋರಿಸಿದಳು. ರೈಲಿನ ಸದ್ದಿಗೆ ಸರಿಯಾಗಿ ಕೇಳಿಸದೆ ಅವರು ಎರಡು ಸಲ ಹಾಕಿಸಿಕೊಂಡರು. ಆಮೇಲೆ ಹೇಳಿದರು. "ಚಪ್ಪಲಿ ಬಿಟ್ಟು ಬಂದಿದ್ದೇನೆ, ದೀದಿ ಬೈತಾರೆ, ವಾಪಸ್ ಹೋಗಿ ತರೋಣ ಅಂತಿದಾಳೆ."

ಆ ಚಪ್ಪಲಿ ಬಿಡಿಸಿದ್ದು ನಾನೇ. ಹಳೇದು ಅಂತ ಶಿಶುಗೃಹದ ಬಾಗಿಲ ಹತ್ತಿರವೇ ಬಿಡಿಸಿ, ಬೆಂಗಳೂರಿನಿಂದ ಕೊಂಡುಹೋಗಿದ್ದ ಹೊಸ ಶೂ ಹಾಕಿಸಿದ್ದೆ.

"ಯಾವ ಬಣ್ಣದ ಚಪ್ಪಲಿ ಅಮ್ಮಾ?" ಅಂತ ಕೇಳಿದಳು. ಆವತ್ತು ತೆಗೆದ ಫೋಟೋಗಳನ್ನೆಲ್ಲ ಇಬ್ಬರೂ ಕೂತು ಹುಡುಕಿದೆವು. ಎಲ್ಲದರಲ್ಲೂ ಹೊಸ ಶೂ.